ಗ್ರೂಪಿನಲ್ಲಿ ಎಲ್ಲರೂ ಇದ್ದಾರೆ, ತಂಡ ಮಾತ್ರ ಆಗಿಲ್ಲ

ಪ್ರಶ್ನೆ: ನಾನು ಧಾರವಾಡದ ಒಂದು ಸಣ್ಣ ಸಂಸ್ಥೆಯಲ್ಲಿ ಸಂಯೋಜಕಿ. ಕೊಪ್ಪಳ, ರಾಯಚೂರು, ಯಾದಗಿರಿ ಜಿಲ್ಲೆಗಳ 32 ಹಳ್ಳಿಗಳಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಓದು ಕಲಿಸುತ್ತೇವೆ. ಹೆಚ್ಚಿನ ಕಡೆ ಗ್ರಾಮ ಪಂಚಾಯತಿಯ ಅರಿವು ಕೇಂದ್ರಗಳಲ್ಲೇ, ಅಂದರೆ ಗ್ರಂಥಾಲಯಗಳಲ್ಲೇ ನಡೆಯುತ್ತದೆ. ಸಂಬಳದ ಸಿಬ್ಬಂದಿ 14 ಜನ, ಅವರಲ್ಲಿ 9 ಮಂದಿ ಹಳ್ಳಿಗಳಲ್ಲೇ ಇರುವವರು. ಸ್ವಯಂಸೇವಕರು ಸುಮಾರು 60. ಅರ್ಧ ಜನ ಆಯಾ ಊರಿನ ಹುಡುಗ ಹುಡುಗಿಯರು. ಉಳಿದವರು ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿದ್ದಾರೆ, ನಾಲ್ಕೈದು ಮಂದಿ ದುಬೈ ಮತ್ತು ನ್ಯೂಜೆರ್ಸಿಯಲ್ಲಿದ್ದಾರೆ. ಎಲ್ಲರೂ ಒಳ್ಳೆಯವರೇ. ಆದರೆ ಒಂದು ತಂಡ ಅನ್ನಿಸುವುದೇ ಇಲ್ಲ. ವಾರದ ಗೂಗಲ್ ಮೀಟ್‌ನಲ್ಲಿ ಬೆಂಗಳೂರಿನವರೇ ಮಾತಾಡುತ್ತಾರೆ, ಹಳ್ಳಿಯವರು ಮ್ಯೂಟ್ ಮಾಡಿಕೊಂಡು ಕೂತಿರುತ್ತಾರೆ. ಕಳೆದ ತಿಂಗಳು ಮಕ್ಕಳ ಓದಿನ ಮಟ್ಟದ ಫಾರ್ಮ್ ತಡವಾಯಿತು. ಬೆಂಗಳೂರಿನ ಒಬ್ಬರು ವಾಟ್ಸಾಪ್ ಗ್ರೂಪಿನಲ್ಲಿ, ಎಲ್ಲರ ಎದುರು, ನಮ್ಮ ಕಾರ್ಯಕರ್ತೆಯೊಬ್ಬಳ ಹೆಸರು ಹಾಕಿ "ಯಾಕೆ ಇನ್ನೂ ಪೆಂಡಿಂಗ್?" ಎಂದು ಕೇಳಿದರು. ಅವಳು ಉತ್ತರ ಕೊಡಲಿಲ್ಲ, ಗ್ರೂಪ್ ಬಿಟ್ಟು ಹೋದಳು. ಹೊಸ ಸ್ವಯಂಸೇವಕರು ಎರಡು ತಿಂಗಳಲ್ಲಿ ಮಾಯವಾಗುತ್ತಾರೆ. ಎಲ್ಲರನ್ನೂ ದಾಂಡೇಲಿಗೆ ಕರೆದುಕೊಂಡು ಹೋಗಿ ಎರಡು ದಿನ ಆಟ ಆಡಿಸಿದೆವು. ಒಂದು ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ. ಈಗ ನಮ್ಮ ಬೋರ್ಡಿನವರು ಹೊಸ ಆ್ಯಪ್ ತರೋಣ ಅನ್ನುತ್ತಿದ್ದಾರೆ. ಊರಿನ ಸ್ವಯಂಸೇವಕರಿಗೆ ಸ್ವಲ್ಪ ದುಡ್ಡು ಕೊಟ್ಟರೆ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ಇಷ್ಟು ದೂರ ದೂರ ಇರುವವರು ನಿಜಕ್ಕೂ ಒಂದು ತಂಡ ಆಗೋದು ಸಾಧ್ಯವಾ?

ಉತ್ತರ: ಸಾಧ್ಯ. ಆದರೆ ಆ್ಯಪ್ ಒಂದರಿಂದಲೋ ದುಡ್ಡು ಒಂದರಿಂದಲೋ ಆಗುವ ಕೆಲಸವಲ್ಲ. ಹಳ್ಳಿ, ಪಟ್ಟಣ ಎರಡೂ ಕಡೆ ಹರಡಿಕೊಂಡಿರುವ ಸಂಸ್ಥೆಗಳ ಜೊತೆ ಕೆಲಸ ಮಾಡುವುದೇ ನನ್ನ ವೃತ್ತಿ. ನೀವು ಬರೆದದ್ದನ್ನು ಬೇರೆ ಬೇರೆ ಜಿಲ್ಲೆಗಳಲ್ಲಿ, ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಕೇಳಿದ್ದೇನೆ. ಫಾರ್ಮು, ಮೀಟಿಂಗು, ದಾಂಡೇಲಿ ಎಲ್ಲವನ್ನೂ ನೀವು ಹೇಳಿದ್ದೀರಿ. ಆದರೆ ನಿಮ್ಮನ್ನು ಕಾಡುತ್ತಿರುವ ಪ್ರಶ್ನೆ ಇವೆಲ್ಲದರ ಕೆಳಗಿದೆ. ಎಲ್ಲರಿಗೂ ಆ ಮಕ್ಕಳು ಓದಬೇಕು ಅಂತಲೇ ಇದೆ, ಆದರೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಯಾಕೆ ಬರುತ್ತಿಲ್ಲ? ಇದೇ ಅಲ್ವಾ?

ಆ ತಡವಾದ ಫಾರ್ಮಿನಿಂದಲೇ ಶುರು ಮಾಡೋಣ. ಬೆಂಗಳೂರಿನಲ್ಲಿ ಕೂತವರಿಗೆ ಕಂಡದ್ದು ಶೀಟಿನಲ್ಲಿ ಒಂದು ಖಾಲಿ ಸಾಲು, ಅಷ್ಟೇ. ಆಚೆ ಕಡೆ ಏನು ನಡೆಯುತ್ತದೆ ಅನ್ನುವುದನ್ನು ಸುರಪುರ ತಾಲೂಕಿನ ಒಂದು ಊರಿನಲ್ಲಿ ಒಬ್ಬ ಕಾರ್ಯಕರ್ತೆಯ ಪಕ್ಕದಲ್ಲೇ ಕೂತು ನೋಡಿದ್ದೇನೆ. ಕೇಂದ್ರಕ್ಕೆ ಬೀಗ ಹಾಕುವಾಗ ಸಂಜೆ ಏಳು. ಮನೆಗೆ ಬಂದು ರೊಟ್ಟಿ ಬಡಿಯಬೇಕು. ಫೋನು ತಮ್ಮನ ಕೈಯಲ್ಲಿರುತ್ತದೆ, ಅವನು ಬಂದ ಮೇಲೆ ಸಿಗುತ್ತದೆ. ಮನೆಯೊಳಗೆ ನೆಟ್‌ವರ್ಕ್ ಬರಲ್ಲ, ನೀರಿನ ಟ್ಯಾಂಕಿನ ಹತ್ತಿರ ಹೋಗಬೇಕು. ಕತ್ತಲಲ್ಲಿ ಒಬ್ಬಳನ್ನೇ ಕಳಿಸಲ್ಲ, ಅವ್ವ ಜೊತೆಗೆ ಬರಬೇಕು. ಮಕ್ಕಳ ಹೆಸರುಗಳನ್ನು ಅವಳು ನೋಟ್‌ಬುಕ್ಕಿನಲ್ಲಿ ಅಚ್ಚುಕಟ್ಟಾಗಿ ಕನ್ನಡದಲ್ಲಿ ಬರೆದಿಟ್ಟಿದ್ದಾಳೆ, ಫಾರ್ಮ್ ಇಂಗ್ಲಿಷಿನಲ್ಲಿದೆ. ಒಂದೊಂದೇ ಹೆಸರು ತುಂಬಿ, ಫೋಟೋ ಸೇರಿಸಿ, ಕೊನೆಗೆ ಸಬ್ಮಿಟ್ ಒತ್ತಿದರೆ ಆ ಚಕ್ರ ತಿರುಗುತ್ತಲೇ ಇರುತ್ತದೆ. ಆಮೇಲೆ ನಿಂತುಹೋಗುತ್ತದೆ. ಮತ್ತೆ ಮೊದಲಿನಿಂದ. ಅವ್ವ ಆಕಳಿಸುತ್ತಾ ನಿಂತಿದ್ದಾಳೆ. ನಾಳೆ ಮಾಡಿದರಾಯಿತು ಅಂತ ಇಬ್ಬರೂ ಮನೆಗೆ ಬರುತ್ತಾರೆ. "ನೆಟ್‌ವರ್ಕ್ ಇಲ್ರಿ, ನಾಳೆ ಕಳಸ್ತೀನಿ" ಅಂತ ಒಂದು ಮೆಸೇಜ್ ಹಾಕಬೇಕು ಅಂತ ಅವಳಿಗೆ ಹೊಳೆಯುವುದಿಲ್ಲ. ಆ ಊರಲ್ಲಿ ನೆಟ್‌ವರ್ಕ್ ಇಲ್ಲದಿರುವುದು ಹೇಳಬೇಕಾದ ಸುದ್ದಿಯೇ ಅಲ್ಲ.

ಬೆಂಗಳೂರಿನವರ ಕಡೆಯಿಂದಲೂ ನೋಡಿ. ಆಫೀಸ್ ಮುಗಿಸಿ, ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಸುಸ್ತಾಗಿ, ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ತೆಗೆದಿರುತ್ತಾರೆ. ಮಾರನೇ ದಿನ ದಾನಿಗಳಿಗೆ ವರದಿ ಹೋಗಬೇಕು. ಈ ಕೆಲಸಕ್ಕೆ ಅವರಿಗೂ ಯಾರೂ ದುಡ್ಡು ಕೊಡುತ್ತಿಲ್ಲ. ಇದು ನಿಮ್ಮ ಕಾರ್ಯಕರ್ತೆಗೆ ಗೊತ್ತಿಲ್ಲ. ಅವಳಿಗೆ ಕಂಡದ್ದು ಎಲ್ಲರ ಎದುರು ತನ್ನ ಹೆಸರು ಹಿಡಿದು ಕೇಳಿದ ಒಂದು ಪ್ರಶ್ನೆ.

ಅಮೆರಿಕದ ಸಂಶೋಧಕಿ ಕ್ಯಾಥರೀನ್ ಕ್ರ್ಯಾಮ್ಟನ್ 2001ರಲ್ಲಿ ಇದೇ ವಿಷಯದ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಬೇರೆ ಬೇರೆ ಊರುಗಳಲ್ಲಿದ್ದುಕೊಂಡು ದೂರದಿಂದಲೇ ಒಟ್ಟಿಗೆ ಕೆಲಸ ಮಾಡಿದ ವಿದ್ಯಾರ್ಥಿ ತಂಡಗಳನ್ನು ಅವರು ಗಮನಿಸಿದ್ದರು. ಅಲ್ಲಿ ತಮ್ಮ ಕಡೆಯ ಪರಿಸ್ಥಿತಿಯನ್ನು ಹೇಳಬೇಕು ಅಂತ ಜನರಿಗೆ ಅನ್ನಿಸಿರಲಿಲ್ಲ. ಆಚೆಯವರು ಹೇಳಿದ್ದರೂ ಅದು ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಉತ್ತರ ಬಾರದಿದ್ದರೆ ಒಬ್ಬರು ಒಪ್ಪಿಗೆ ಅಂದುಕೊಂಡರು, ಇನ್ನೊಬ್ಬರು ಉಡಾಫೆ ಅಂದುಕೊಂಡರು. ಪರಿಸ್ಥಿತಿಯಿಂದ ಆದ ತೊಂದರೆಗೆ ಮನುಷ್ಯರನ್ನೇ ದೂರಿದರು. ನಿಮ್ಮಲ್ಲೂ ಆಗಿರುವುದು ಇದೇ. ನಾನು ಹೋದ ಕಡೆಗಳಲ್ಲೆಲ್ಲ ಎರಡು ಮಾತು ಕಿವಿಗೆ ಬೀಳುತ್ತವೆ: "ಹಳ್ಳಿ ಕಡೆಯವರಿಗೆ ಶಿಸ್ತಿಲ್ಲ", "ಬೆಂಗಳೂರಿನವರಿಗೆ ಸೊಕ್ಕು". ಎರಡೂ ಸುಳ್ಳು. ಆದರೆ ಎರಡನ್ನೂ ಹೇಳುವವರು ತಮಗೆ ಕಂಡದ್ದನ್ನೇ ಹೇಳುತ್ತಿರುತ್ತಾರೆ.

ಇನ್ನು ನೀವು ಕೇಳಿಸಿಕೊಳ್ಳುತ್ತಿರುವ ಕೆಲವು ನಂಬಿಕೆಗಳ ಬಗ್ಗೆ.

ದೂರವೇ ಕಾರಣ ಅನ್ನುವುದು ಅರ್ಧ ಮಾತ್ರ ನಿಜ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಅಲೆನ್ ಎಂಜಿನಿಯರುಗಳು ಎಷ್ಟು ಮಾತಾಡಿಕೊಳ್ಳುತ್ತಾರೆ ಅಂತ ಅಳೆದು 1977ರಲ್ಲಿ ಪ್ರಕಟಿಸಿದ್ದರು. ಮೇಜುಗಳ ನಡುವೆ ಸುಮಾರು 30 ಮೀಟರ್ ದಾಟಿದರೆ ಸಾಕು, ಒಂದೇ ಕಟ್ಟಡದಲ್ಲೂ ಮಾತು ತೀರಾ ಕಡಿಮೆಯಾಗುತ್ತದೆ ಅಂತ ಅವರಿಗೆ ಕಂಡಿತು. ಅಂದರೆ ನಿಮ್ಮ ಧಾರವಾಡದ ಆಫೀಸಿನ ಮೇಲಿನ ಮಹಡಿಗೂ ಕೆಳಗಿನ ಮಹಡಿಗೂ ಇದೇ ತೊಂದರೆ ಬರಬಹುದು. ಇನ್ನೊಂದು ಕಡೆ ನೋಡಿ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಅಲ್ಲಿ ಬರೆಯುವ ಎಷ್ಟೋ ಜನ ಒಬ್ಬರ ಮುಖ ಒಬ್ಬರು ನೋಡಿಲ್ಲ. ಆದರೂ ಕೆಲಸ ನಡೆದುಕೊಂಡು ಬಂದಿದೆ. ಪ್ರತಿ ಲೇಖನದ ಹಿಂದೆ ಯಾರು ಯಾವಾಗ ಏನು ಬದಲಿಸಿದರು ಅಂತ ಕಾಣುತ್ತದೆ, ಆ ಲೇಖನದ ಚರ್ಚೆ ಆ ಲೇಖನಕ್ಕೇ ಅಂಟಿಕೊಂಡಿರುತ್ತದೆ. ನಿಮ್ಮ ಗ್ರೂಪಿನಲ್ಲಿ ಲಿಂಗಸೂಗೂರಿನ ಕೇಂದ್ರದ ತೊಂದರೆ, ಯಾರದೋ ಹುಟ್ಟುಹಬ್ಬ, ದಾನಿಗಳ ಗಡುವು, ಗುಡ್ ಮಾರ್ನಿಂಗ್ ಹೂವು ಎಲ್ಲ ಒಂದೇ ಹೊಳೆಯಲ್ಲಿ ಕೊಚ್ಚಿಹೋಗುತ್ತಿವೆ.

ಮೊದಲು ಜನ ಹತ್ತಿರವಾಗಬೇಕು, ಆಮೇಲೆ ಕೆಲಸ ತಾನಾಗಿ ಚೆನ್ನಾಗುತ್ತದೆ ಅನ್ನುವುದು ಇನ್ನೊಂದು ನಂಬಿಕೆ. ದಾಂಡೇಲಿ ಪ್ರವಾಸದ ಹಿಂದೆ ಇದ್ದದ್ದು ಇದೇ. 2020ರ ಲಾಕ್‌ಡೌನ್ ನೆನಪಿಸಿಕೊಳ್ಳಿ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರು ಎರಡು ಮೂರು ದಿನದಲ್ಲಿ ಸೇರಿ ರೇಷನ್ ಕಿಟ್ ಹಂಚಿದರು. ಯಾರು ಅಕ್ಕಿ ತರಬೇಕು, ಯಾರ ಗಾಡಿ, ಯಾವ ಶೆಡ್ಡಿಗೆ ಎಷ್ಟು ಕಿಟ್ ಅಂತ ಎಲ್ಲರಿಗೂ ಗೊತ್ತಿತ್ತು. ಒಬ್ಬರ ಕೆಲಸ ನಿಂತರೆ ಇನ್ನೊಬ್ಬರದ್ದು ನಿಲ್ಲುತ್ತಿತ್ತು. ಸಲಿಗೆ ಆಮೇಲೆ ಬಂತು. ಒಟ್ಟಿಗೆ ನಕ್ಕರೆ ಸಲಿಗೆ ಬೆಳೆಯುತ್ತದೆ, ನಿಜ. ಆದರೆ ದಾಂಡೇಲಿಯಲ್ಲಿ ಜೊತೆಗೆ ರಾಫ್ಟಿಂಗ್ ಮಾಡಿದವರಿಗೆ ಸೋಮವಾರ ಜೊತೆಗೆ ಮಾಡುವ ಕೆಲಸವೇ ಇರಲಿಲ್ಲ. ಅದಕ್ಕೇ ಅದು ಒಂದು ವಾರ ಉಳಿಯಿತು.

ಆ್ಯಪ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮಾತಾಡಲು ಹೊಸ ಆ್ಯಪ್ ಬೇಡ. ನಿಮ್ಮ ಹಳ್ಳಿಯ ಜನ ವಾಟ್ಸಾಪ್ ಬಿಟ್ಟು ಬೇರೆಯದಕ್ಕೆ ಬರುವುದಿಲ್ಲ. ಬಂದರೂ ನೋಟಿಫಿಕೇಶನ್ ನೋಡುವುದಿಲ್ಲ. ಆಗ ಬೆಂಗಳೂರಿನವರು ಹೊಸದರಲ್ಲಿ, ಹಳ್ಳಿಯವರು ಹಳೆಯದರಲ್ಲಿ ಉಳಿದು ಬಿರುಕು ದೊಡ್ಡದಾಗುತ್ತದೆ. ಆದರೆ ಆ ಫಾರ್ಮ್ ಮಾತ್ರ ಖಂಡಿತ ಬದಲಿಸಿ. ಗೂಗಲ್ ಫಾರ್ಮ್‌ಗೆ ತುಂಬುವಾಗಲೇ ನೆಟ್ ಬೇಕು. ಕೋಬೋಕಲೆಕ್ಟ್ ಅಥವಾ ಒಡಿಕೆ ಕಲೆಕ್ಟ್ ಅನ್ನುವ ಆ್ಯಂಡ್ರಾಯ್ಡ್ ಆ್ಯಪ್‌ಗಳಲ್ಲಿ ನೆಟ್ ಇಲ್ಲದೆ ತುಂಬಿಟ್ಟು, ನೆಟ್‌ವರ್ಕ್ ಸಿಕ್ಕಾಗ ಕಳಿಸಬಹುದು. ಪ್ರಶ್ನೆಗಳನ್ನು ಕನ್ನಡದಲ್ಲೇ ಹಾಕಬಹುದು. ಸೇವಾ ಸಂಸ್ಥೆಗಳಿಗೆ ಕೋಬೋದ ಉಚಿತ ಖಾತೆ ಸಿಗುತ್ತದೆ. ನಿಮ್ಮ ಬೆಂಗಳೂರಿನ ಸ್ವಯಂಸೇವಕರಲ್ಲಿ ಒಬ್ಬರು ವಾರಾಂತ್ಯದಲ್ಲಿ ಕೂತು ಮಾಡಿಕೊಡುವಷ್ಟು ಸುಲಭದ ಕೆಲಸ. ಆ "ಪೆಂಡಿಂಗ್" ಕೇಳಿದವರಿಗೇ ಇದನ್ನು ಒಪ್ಪಿಸಿ. ಆದರೆ ಒಂದು ಷರತ್ತು ಇಡಿ. ಯಾವ ಪ್ರಶ್ನೆ ಇರಬೇಕು, ಯಾವುದು ಬೇಡ ಅಂತ ಹಳ್ಳಿಯ ಇಬ್ಬರು ಕಾರ್ಯಕರ್ತೆಯರು ಹೇಳಬೇಕು, ಅವರು ಹೇಳಿದಂತೆ ಇವರು ಮಾಡಬೇಕು.

ಈ ಷರತ್ತು ಸಣ್ಣದಾಗಿ ಕಾಣಬಹುದು. ನನಗೆ ಇಡೀ ವಿಷಯದಲ್ಲಿ ಮುಖ್ಯ ಅನ್ನಿಸುವುದೇ ಇದು. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಇದೆ. ಇವತ್ತು ನಿಮ್ಮ ಹೊಲಕ್ಕೆ ನಾವು ಬರುತ್ತೇವೆ, ನಾಳೆ ನಮ್ಮ ಹೊಲಕ್ಕೆ ನೀವು ಬನ್ನಿ. ಕೂಲಿಯ ಮಾತಿಲ್ಲ. ಇಬ್ಬರಿಗೂ ಒಬ್ಬರ ಋಣ ಒಬ್ಬರ ಮೇಲಿರುತ್ತದೆ, ಅದಕ್ಕೇ ಆ ಸಂಬಂಧ ಗಟ್ಟಿ. ನಿಮ್ಮಲ್ಲಿ ಹೋಗುವುದೆಲ್ಲ ಒಂದೇ ದಿಕ್ಕಿಗೆ. ಬೆಂಗಳೂರಿನಿಂದ ಹಳ್ಳಿಗೆ ಪುಸ್ತಕ, ಕಾರ್ಡು, ತರಬೇತಿ, ಸೂಚನೆ. ಹಳ್ಳಿಯಿಂದ ಬೆಂಗಳೂರಿಗೆ ಫೋಟೋ ಮತ್ತು ಲೆಕ್ಕ. ಯಾವಾಗಲೂ ತೆಗೆದುಕೊಳ್ಳುವ ಜಾಗದಲ್ಲೇ ಕೂತವರು ಮೀಟಿಂಗಿನಲ್ಲಿ ಬಾಯಿ ಬಿಡುವುದಿಲ್ಲ.

ತಿರುಗಿ ಕೊಡಲು ಹಳ್ಳಿಯವರ ಹತ್ತಿರ ಏನಿದೆ ಅಂತ ಬೆಂಗಳೂರಿನವರು ಕೇಳಬಹುದು. ಬೇಕಾದಷ್ಟಿದೆ. ಬೆಂಗಳೂರಿನಲ್ಲಿ ತಯಾರಾದ ಕತೆ ಕಾರ್ಡುಗಳಲ್ಲಿ ಲಿಫ್ಟು, ಅಪಾರ್ಟ್‌ಮೆಂಟು ಬಂದರೆ ಯಾದಗಿರಿಯ ಮೂರನೇ ಕ್ಲಾಸಿನ ಮಗು ಅಲ್ಲೇ ಎಡವುತ್ತದೆ. ಅದನ್ನು ತಿದ್ದಬಲ್ಲವರು ಹಳ್ಳಿಯವರು ಮಾತ್ರ. ಕಾರ್ಡು ಅಚ್ಚಿಗೆ ಹೋಗುವ ಮೊದಲು ಹಳ್ಳಿಯ ಒಬ್ಬರು ಒಪ್ಪಲೇಬೇಕು ಅಂತ ಮಾಡಿ. ಹೊಸದಾಗಿ ಸೇರುವ ಬೆಂಗಳೂರಿನ ಸ್ವಯಂಸೇವಕರಿಗೆ ಮೊದಲ ಪಾಠ ಹಳ್ಳಿಯವರೇ ಮಾಡಲಿ: ನಾಲ್ಕನೇ ಕ್ಲಾಸಿನ ಮಗು ಒತ್ತಕ್ಷರದಲ್ಲಿ ಯಾಕೆ ನಿಂತುಬಿಡುತ್ತದೆ, ಮಗು ಓದಲು ಹೆದರಿದಾಗ ಏನು ಮಾಡಬೇಕು. ಅತ್ತ ಕಡೆ, ನಿಮ್ಮ ಊರಿನ ಹುಡುಗರಲ್ಲಿ ಪೊಲೀಸ್ ಕಾನ್‌ಸ್ಟೇಬಲ್, ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುತ್ತಿರುವವರು ಇದ್ದೇ ಇರುತ್ತಾರೆ. ಅವರಿಗೆ ಲೆಕ್ಕ, ಇಂಗ್ಲಿಷ್, ಕಂಪ್ಯೂಟರ್ ಹೇಳಿಕೊಡಲು ಬೆಂಗಳೂರಿನವರಿಗೆ ಆಗುತ್ತದೆ. ಇದು ನಿಮ್ಮ ಯೋಜನೆಯ ಕಾಗದದಲ್ಲಿ ಎಲ್ಲೂ ಬರುವುದಿಲ್ಲ. ಆದರೂ ಮಾಡಿ.

ಈಗ ನಿಮ್ಮ ಮುಂದಿರುವ ದಾರಿಗಳು.

ಮೊದಲನೆಯದು, 74 ಜನರನ್ನು ಒಂದು ತಂಡ ಮಾಡುವ ಆಸೆ ಬಿಡಿ. ಅಷ್ಟು ಜನ ಒಂದು ಸಂಸ್ಥೆ ಆಗಬಹುದು, ತಂಡ ಆಗಲಾರರು. ಹತ್ತಿರ ಹತ್ತಿರದ ನಾಲ್ಕೈದು ಊರುಗಳನ್ನು ಸೇರಿಸಿ ಏಳೆಂಟು ಸಣ್ಣ ತಂಡಗಳನ್ನು ಮಾಡಿ. ಒಂದೊಂದರಲ್ಲಿ ಒಬ್ಬ ಕಾರ್ಯಕರ್ತೆ, ಆ ಊರುಗಳ ನಾಲ್ಕು ಸ್ವಯಂಸೇವಕರು, ದೂರದ ಮೂರ್ನಾಲ್ಕು ಜನ. ದೂರದವರು ಎಲ್ಲ 32 ಊರುಗಳಿಗೂ ಸೇರಿದವರಾಗಿದ್ದರೆ ಯಾವ ಊರಿಗೂ ಸೇರಿರುವುದಿಲ್ಲ. ನಾಲ್ಕೇ ಊರು ಅಂತಾದರೆ ಮಕ್ಕಳ ಹೆಸರು ಗೊತ್ತಾಗುತ್ತದೆ. ಇದರಲ್ಲಿ ಒಂದು ಅಪಾಯವೂ ಇದೆ. ಒಂದು ತಂಡಕ್ಕೆ ಚುರುಕಾದವರು ಸಿಕ್ಕಿ ಇನ್ನೊಂದು ಸೊರಗಬಹುದು, ತಂಡಗಳ ನಡುವೆ ಪೈಪೋಟಿ ಹುಟ್ಟಬಹುದು. ದಯವಿಟ್ಟು ಅಂಕಪಟ್ಟಿ, ಬಹುಮಾನ ತರಬೇಡಿ.

ಎರಡನೆಯದು, ಪ್ರತಿ ಕೇಂದ್ರಕ್ಕೆ ಒಂದು ಪುಟ. ನಾನು ಹೋದ ಕಡೆಯಲ್ಲೆಲ್ಲ ಮೊದಲು ಮಾಡಿಸುವುದು ಇದನ್ನೇ. ಸಂತೆ ಯಾವ ದಿನ, ಬಸ್ಸು ಎಷ್ಟು ಹೊತ್ತಿಗೆ, ನೆಟ್‌ವರ್ಕ್ ಎಲ್ಲಿ ಸಿಗುತ್ತದೆ, ಬೀಗದ ಕೈ ಯಾರ ಹತ್ತಿರ, ಜಾತ್ರೆ ಯಾವಾಗ, ಮೊಹರಂ ಆ ಊರಲ್ಲಿ ಎಷ್ಟು ದಿನ, ಹತ್ತಿ ಬಿಡಿಸುವ ಕಾಲದಲ್ಲಿ ಎಷ್ಟು ಮಕ್ಕಳು ತಪ್ಪಿಸಿಕೊಳ್ಳುತ್ತಾರೆ, ದೀಪಾವಳಿ ಮುಗಿದ ಮೇಲೆ ಎಷ್ಟು ಮನೆಗಳವರು ದುಡಿಯಲು ಊರು ಬಿಡುತ್ತಾರೆ. ಇಷ್ಟು ಬರೆದಿದ್ದರೆ ಬೆಂಗಳೂರಿನಿಂದ ಯಾರೂ ಎಳ್ಳ ಅಮಾವಾಸ್ಯೆಯ ದಿನ ತರಬೇತಿ ಇಡುವುದಿಲ್ಲ. ಯಾದಗಿರಿ ಕಡೆ ಅವತ್ತು ಇಡೀ ಊರೇ ಹೊಲದಲ್ಲಿರುತ್ತದೆ, ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು. ಒಂದು ಸಂಸ್ಥೆಯಲ್ಲಿ ಹಾಗೆ ತರಬೇತಿ ಇಟ್ಟಾಗ ಹಳ್ಳಿಯವರು ಯಾರೂ ಬೇಡ ಅನ್ನಲಿಲ್ಲ, ಯಾರೂ ಬರಲೂ ಇಲ್ಲ. ಇಟ್ಟವರಿಗೆ ಅದು ಅವಮಾನ ಅನ್ನಿಸಿತು.

ಆದರೆ ದೂರದವರೂ ತಮ್ಮ ಪುಟ ಬರೆಯಲೇಬೇಕು. ಯಾವ ದಿನ ಆಫೀಸ್ ಕೆಲಸ ಜಾಸ್ತಿ, ಎಷ್ಟು ಹೊತ್ತಿನ ಮೇಲೆ ಫೋನ್ ಬೇಡ, ಮನೆಯಲ್ಲಿ ಸಣ್ಣ ಮಗು ಇದೆಯಾ, ವಯಸ್ಸಾದ ತಂದೆ ತಾಯಿ ಇದ್ದಾರಾ. ಹಳ್ಳಿಯವರು ಮಾತ್ರ ತಮ್ಮ ಬದುಕು ತೆರೆದಿಟ್ಟು, ಇವರು ಓದುತ್ತಾ ಕೂತರೆ ಅದು ಸರಿಯಲ್ಲ. ಎಷ್ಟು ಹೇಳಬೇಕು ಅನ್ನುವುದು ಅವರವರಿಗೆ ಬಿಟ್ಟಿದ್ದು. ಮಕ್ಕಳ ಹೆಸರು, ಅವರ ಮನೆಯ ವಿಷಯ ಈ ಪುಟದಲ್ಲಿ ಬೇಡ.

ಮೂರನೆಯದು ಮೀಟಿಂಗ್. 74 ಜನರ ವಾರದ ಗೂಗಲ್ ಮೀಟ್ ನಿಲ್ಲಿಸಿಬಿಡಿ. ಸಣ್ಣ ತಂಡ ವಾರಕ್ಕೆ ಅರ್ಧ ಗಂಟೆ ಮಾತಾಡಲಿ, ವಿಡಿಯೋ ಇಲ್ಲದೆ, ಡೇಟಾ ಉಳಿಯುತ್ತದೆ. ಹಳ್ಳಿಯವರು ಮೊದಲು ಮಾತಾಡಬೇಕು, ದೂರದವರು ಕೊನೆಗೆ. ಕನ್ನಡದಲ್ಲೇ ನಡೆಯಲಿ. ಕನ್ನಡ ಬಾರದ ಸ್ವಯಂಸೇವಕರಿದ್ದರೆ ಅವರಿಗೆ ಆಮೇಲೆ ಒಬ್ಬರು ಐದು ಸಾಲು ಬರೆದು ಕಳಿಸಲಿ. ಒಬ್ಬರಿಗೋಸ್ಕರ ಇಂಗ್ಲಿಷಿಗೆ ತಿರುಗಿದರೆ ನಾಲ್ವರು ಸುಮ್ನಾಗುತ್ತಾರೆ. ಕೂಡಲೇ ಮಾತಾಡಲು ಹಿಂಜರಿಯುವವರು ಹಿಂದಿನ ದಿನವೇ ವಾಯ್ಸ್ ಮೆಸೇಜ್ ಕಳಿಸಬಹುದು. ಟೈಪ್ ಮಾಡಲು ಬೇಸರ ಪಡುವ ಕಾರ್ಯಕರ್ತೆಯರು ಇದರಲ್ಲಿ ಎಷ್ಟು ಚೆನ್ನಾಗಿ ವಿವರಿಸುತ್ತಾರೆ ಅಂತ ನಿಮಗೇ ಆಶ್ಚರ್ಯವಾಗುತ್ತದೆ. ನ್ಯೂಜೆರ್ಸಿಯವರು ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ನಮ್ಮ ಭಾನುವಾರ ಸಂಜೆ ಏಳೂವರೆ ಅಂದರೆ ಅವರಿಗೆ ಬೆಳಿಗ್ಗೆ ಹತ್ತು ಅಥವಾ ಒಂಬತ್ತು. ಮಾರ್ಚ್ ಮತ್ತು ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಬದಲಾಗುವಾಗ ಸಮಯ ಹೊಂದಿಸಿಕೊಳ್ಳಬೇಕಾದವರು ಅವರು, ಹಳ್ಳಿಯವರಲ್ಲ.

ವಾಟ್ಸಾಪ್‌ನಲ್ಲಿ ದೊಡ್ಡ ಗ್ರೂಪನ್ನು ಅಡ್ಮಿನ್ ಮಾತ್ರ ಬರೆಯುವ ಹಾಗೆ ಬದಲಿಸಿ ಪ್ರಕಟಣೆಗೆ ಇಟ್ಟುಕೊಳ್ಳಿ. ಕೆಲಸದ ಮಾತು ಸಣ್ಣ ತಂಡದ ಗ್ರೂಪಿನಲ್ಲಿ. ಹೆಬ್ಬೆರಳ ಗುರುತು ಹಾಕಿದರೆ ಓದಿದೆ ಅಂತ ಮಾತ್ರ ಲೆಕ್ಕ, ಒಪ್ಪಿದೆ ಅಂತ ಅಲ್ಲ ಅಂತ ಎಲ್ಲರಿಗೂ ಹೇಳಿ. ಒಬ್ಬರ ತಡ, ಒಬ್ಬರ ತಪ್ಪಿನ ಬಗ್ಗೆ ಗ್ರೂಪಿನಲ್ಲಿ ಕೇಳುವ ಹಾಗಿಲ್ಲ, ಫೋನ್ ಮಾಡಿ ಕೇಳಬೇಕು. ಇದಕ್ಕೆ ವಿನಾಯಿತಿ ಬೇಡ, ನಿಮಗೂ ಬೇಡ, ಬೋರ್ಡಿನವರಿಗೂ ಬೇಡ.

ಗ್ರೂಪ್ ಬಿಟ್ಟು ಹೋದ ಹುಡುಗಿಯ ವಿಷಯ. ಅವಳನ್ನು ಮತ್ತೆ ಗ್ರೂಪಿಗೆ ಸೇರಿಸಿಬಿಟ್ಟರೆ ಮುಗಿಯಲಿಲ್ಲ. ನೀವೇ ಅವಳ ಊರಿಗೆ ಹೋಗಿ. ತಡ ಯಾಕಾಯಿತು ಅಂತ ಕೇಳಬೇಡಿ, ಆ ಫಾರ್ಮನ್ನು ಹೇಗೆ ತುಂಬುತ್ತೀಯಾ ತೋರಿಸು ಅನ್ನಿ. ಕೂತು ಪೂರ್ತಿ ನೋಡಿ. ಆಮೇಲೆ, ಅವಳು ಒಪ್ಪಿದರೆ, ಬೆಂಗಳೂರಿನವರನ್ನು ಫೋನಿನಲ್ಲಿ ಸೇರಿಸಿ ಇಬ್ಬರೂ ತಮ್ಮ ಆ ದಿನವನ್ನು ಹೇಳಿಕೊಳ್ಳಲಿ. ಕ್ಷಮೆ ಕೇಳಿಸುವ ನಾಟಕ ಬೇಡ. ಎದುರಿನವರ ದಿನ ಹೇಗಿತ್ತು ಅಂತ ಗೊತ್ತಾದರೆ ಹೆಚ್ಚಿನವರು ತಾವಾಗಿಯೇ ಕೇಳುತ್ತಾರೆ. ಎಲ್ಲರ ಎದುರು ಆದ ಅವಮಾನ ಎಲ್ಲರ ಎದುರೇ ಸರಿಯಾಗಬೇಕು. ಹಾಗಾಗಿ ಫಾರ್ಮ್ ಬದಲಾದಾಗ ಅದು ಅವಳು ತೋರಿಸಿಕೊಟ್ಟ ತೊಂದರೆಯಿಂದ ಬದಲಾಯಿತು ಅಂತ ದೊಡ್ಡ ಗ್ರೂಪಿನಲ್ಲಿ, ಅವಳ ಒಪ್ಪಿಗೆ ಪಡೆದು, ನೀವು ಬರೆಯಿರಿ.

ಒಬ್ಬ ಕಾರ್ಯಕರ್ತೆಗೆ ಒಬ್ಬ ದೂರದ ಸ್ವಯಂಸೇವಕ ಅಂತ ಜೋಡಿ ಮಾಡುವ ಪದ್ಧತಿ ಹಲವು ಕಡೆ ಇದೆ. ಒಳ್ಳೆಯದೇ, ಆದರೆ ನಾನು ಮೂವರನ್ನು ಇಡಲು ಹೇಳುತ್ತೇನೆ. ಇಬ್ಬರೇ ಆದರೆ ಬೇಗ ಸಾಹೇಬರು, ಕೆಲಸದವಳು ಅನ್ನುವ ಹಾಗಾಗುತ್ತದೆ. ದೂರದವರು ಬಿಟ್ಟು ಹೋದರೆ ಎಲ್ಲ ಕಡಿದುಹೋಗುತ್ತದೆ. ಇನ್ನೊಂದು ವಿಷಯ ಮುಚ್ಚಿಡಬಾರದು. ರಾತ್ರಿ ಹನ್ನೊಂದಕ್ಕೆ "ಊಟ ಆಯ್ತಾ" ಅನ್ನುವ ಮೆಸೇಜುಗಳ ಬಗ್ಗೆ ಹಳ್ಳಿಯ ಹೆಣ್ಣುಮಕ್ಕಳು ನನ್ನ ಹತ್ತಿರ ಹೇಳಿಕೊಂಡಿದ್ದಾರೆ. ಮನೆಯಲ್ಲಿ ಗೊತ್ತಾದರೆ ಕೆಲಸವನ್ನೇ ಬಿಡಿಸುತ್ತಾರೆ ಅಂತ ಅವರು ಸುಮ್ಮನಿರುತ್ತಾರೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಂಬಳವಿಲ್ಲದೆ ಸ್ವಯಂಸೇವೆ ಮಾಡುವವರನ್ನೂ ಉದ್ಯೋಗಿ ಅಂತಲೇ ನೋಡುತ್ತದೆ. ಹತ್ತು ಅಥವಾ ಹೆಚ್ಚು ಜನ ಇದ್ದ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದರಲ್ಲಿ ಹೊರಗಿನ ಒಬ್ಬ ಸದಸ್ಯರೂ ಇರಬೇಕು. ನಿಮ್ಮಲ್ಲಿ ಸಮಿತಿ ಇಲ್ಲದಿದ್ದರೆ ಜೋಡಿ, ತಂಡ ಎಲ್ಲಕ್ಕಿಂತ ಮೊದಲು ಅದನ್ನು ಮಾಡಿ. ಯಾರಿಗೆ ದೂರು ಕೊಡಬೇಕು ಅಂತ ಪ್ರತಿ ಹಳ್ಳಿಯ ಹುಡುಗಿಗೂ ಗೊತ್ತಿರಬೇಕು.

ದುಡ್ಡಿನ ಪ್ರಶ್ನೆಗೆ ಬರೋಣ. ಮೊದಲು ಇದನ್ನು ನೋಡಿ: ನಿಮ್ಮ ಕಾರ್ಯಕರ್ತೆಯರ ಬಸ್ಸಿನ ದುಡ್ಡು, ಪೆಟ್ರೋಲು, ರೀಚಾರ್ಜ್ ಬಿಲ್ಲು ಎಷ್ಟು ದಿನಕ್ಕೆ ಪಾಸಾಗುತ್ತದೆ? ಎರಡು ತಿಂಗಳು ಅಂತಾದರೆ ತಂಡದ ಮಾತು ಅವರಿಗೆ ಹಿಡಿಸುವುದಿಲ್ಲ. ಹತ್ತು ದಿನದೊಳಗೆ ಕೊಡುವ ವ್ಯವಸ್ಥೆ ಮಾಡಿ, ಊರಿನ ಸ್ವಯಂಸೇವಕರ ಖರ್ಚೂ ಸೇರಿ. ಇನ್ನು ಗೌರವಧನ. ದಿನಾ ಇಂತಿಷ್ಟು ಹೊತ್ತು ಬರಲೇಬೇಕು ಅಂತ ನೀವು ಹೇಳುವುದಾದರೆ ಅದು ಸ್ವಯಂಸೇವೆ ಅಲ್ಲ, ಅರೆಕಾಲಿಕ ಕೆಲಸ. ಅದಕ್ಕೆ ಸಂಬಳ ಕೊಡಿ, ಕೆಲಸ ಅಂತಲೇ ಕರೆಯಿರಿ. ತಮಗೆ ಬಿಡುವಾದಾಗ ಬರುವವರಿಗೆ ಖರ್ಚು ಮಾತ್ರ ಸಾಕು. ಒಂದೇ ಊರಿನಲ್ಲಿ ಒಂದೇ ಕೆಲಸಕ್ಕೆ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೊಡದಿದ್ದರೆ ಮನಸ್ತಾಪ ಖಂಡಿತ. ಯೋಜನೆ ಮುಗಿದು ದುಡ್ಡು ನಿಂತ ದಿನ, ಮೊದಲು ಪ್ರೀತಿಯಿಂದ ಬರುತ್ತಿದ್ದವರೂ ಬರುವುದನ್ನು ನಿಲ್ಲಿಸುತ್ತಾರೆ. ಇದನ್ನು ಒಂದಕ್ಕಿಂತ ಹೆಚ್ಚು ಸಂಸ್ಥೆಗಳಲ್ಲಿ ನೋಡಿದ್ದೇನೆ.

ಹೊಸಬರು ಎರಡು ತಿಂಗಳಿಗೆ ಮಾಯವಾಗುವುದಕ್ಕೆ ಹೆಚ್ಚಾಗಿ ಎರಡು ಕಾರಣ. ಸೇರಿದ ಮೊದಲ ವಾರ ಅವರಿಗೆ ಮಾಡಲು ಏನೂ ಇರುವುದಿಲ್ಲ, ಮತ್ತು ಮಾಡಿದ ಕೆಲಸ ಏನಾಯಿತು ಅಂತ ಯಾರೂ ಹೇಳುವುದಿಲ್ಲ. ಮೂರು ತಿಂಗಳ ಅವಧಿ ಇಡಿ. ಮುಗಿದಾಗ ಗೌರವದಿಂದ ಬಿಟ್ಟು ಹೋಗುವ ಅಥವಾ ಮುಂದುವರಿಯುವ ಅವಕಾಶ ಕೊಡಿ. ಊರಿನ ಹುಡುಗರಿಗೆ ಸೆಮಿಸ್ಟರ್ ಪರೀಕ್ಷೆಯ ತಿಂಗಳು ರಜೆ ಕೊಡಿ.

ಎಲ್ಲರೂ ಮುಖ ನೋಡುವ ಸಮಾವೇಶ ಬೇಡ ಅಂತ ನಾನು ಹೇಳುತ್ತಿಲ್ಲ. ವರ್ಷಕ್ಕೊಮ್ಮೆ ಮಾಡಿ, ಆದರೆ ರೆಸಾರ್ಟಿನಲ್ಲಿ ಬೇಡ. ದೂರದವರು ತಮ್ಮ ತಂಡದ ಊರಿಗೇ ಎರಡು ದಿನ ಹೋಗಲಿ. ಸಂಜೆ ಕೇಂದ್ರದಲ್ಲಿ ಕೂರಲಿ, ಮಕ್ಕಳ ಜೊತೆ ಓದಲಿ, ನೀರಿನ ಟ್ಯಾಂಕಿನ ಹತ್ತಿರ ನಿಂತು ಒಂದು ಫೋಟೋ ಕಳಿಸಲು ಪ್ರಯತ್ನಿಸಲಿ. ಮಕ್ಕಳ ಫೋಟೋ ತೆಗೆದು ಇನ್‌ಸ್ಟಾಗ್ರಾಂಗೆ ಹಾಕುವುದು ಬೇಡ ಅಂತ ಹೊರಡುವ ಮೊದಲೇ ಹೇಳಿ. ಊಟ, ವಸತಿಯ ಹೊರೆ ಕಾರ್ಯಕರ್ತೆಯ ಮನೆಯ ಮೇಲೆ ಬೀಳದಂತೆ ನೋಡಿಕೊಳ್ಳಿ. ಖರ್ಚು ಸಂಸ್ಥೆಯದ್ದು, ಅಡುಗೆ ಮಾಡುವವರಿಗೆ ದುಡ್ಡು ಕೊಡಬೇಕು. ಹಾಗೆಯೇ ವರ್ಷದಲ್ಲಿ ಒಮ್ಮೆ ಹಳ್ಳಿಯವರೂ ಬೆಂಗಳೂರಿಗೆ ಬಂದು ಇವರ ದಿನ ನೋಡಲಿ. ಬೇಸಿಗೆಯಲ್ಲಿ ರಾಯಚೂರಿನ ಕಡೆ ಕಾರ್ಯಕ್ರಮ ಇಡಬೇಡಿ, ಹತ್ತಿ ಬಿಡಿಸುವ ಕಾಲದಲ್ಲೂ ಬೇಡ.

ಇದಕ್ಕೆ ದುಡ್ಡು ಎಲ್ಲಿಂದ ಅಂತ ಬೋರ್ಡಿನವರು ಕೇಳುತ್ತಾರೆ. ವಿದೇಶಿ ದೇಣಿಗೆ ಬರುತ್ತಿದ್ದರೆ, 2020ರ ತಿದ್ದುಪಡಿಯ ನಂತರ ಅದರಲ್ಲಿ ಆಡಳಿತ ವೆಚ್ಚ 20 ಶೇಕಡಾ ಮೀರುವ ಹಾಗಿಲ್ಲ. ಮೊದಲು 50 ಇತ್ತು. ಹಾಗಾಗಿ ಯಾವ ಪ್ರಯಾಣ ತರಬೇತಿಯ ಭಾಗ, ಯಾವುದು ಆಡಳಿತದ್ದು ಅಂತ ಹೊರಡುವ ಮೊದಲೇ ನಿಮ್ಮ ಆಡಿಟರ್ ಹತ್ತಿರ ಕೂತು ಬರೆಸಿಕೊಳ್ಳಿ. ಹೊಸ ಪ್ರಸ್ತಾವನೆ ಬರೆಯುವಾಗ ಈ ಭೇಟಿಗಳನ್ನು ಪ್ರತ್ಯೇಕ ಸಾಲಾಗಿ ಕಾಣಿಸಿ. ಬಚ್ಚಿಟ್ಟರೆ ಮುಂದಿನ ವರ್ಷ ಮೊದಲು ಕತ್ತರಿಸುವುದು ಅದನ್ನೇ.

ಕೊನೆಯದಾಗಿ, ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಎರಡು ತಂಡಗಳಿಂದ ಆರಂಭಿಸಿ, ಅದರಲ್ಲಿ ಒಂದು ಸ್ವಲ್ಪ ತೊಂದರೆಯ ಕಡೆಯದ್ದೇ ಇರಲಿ. ಮೂರು ತಿಂಗಳ ನಂತರ ಫಾರ್ಮುಗಳ ಲೆಕ್ಕ ನೋಡುವ ಮೊದಲು ಮೀಟಿಂಗಿನಲ್ಲಿ ಕಿವಿಗೊಟ್ಟು ಕೇಳಿ. ಹಳ್ಳಿಯ ಒಬ್ಬಳು "ಆ ತಾರೀಕು ಆಗಂಗಿಲ್ರಿ, ನಮ್ಮೂರ ಜಾತ್ರಿ ಐತಿ" ಅಂತ ನಿಮ್ಮ ಮೂಲಕ ಅಲ್ಲದೆ ನೇರವಾಗಿ ಬೆಂಗಳೂರಿನವರಿಗೆ ಹೇಳುತ್ತಿದ್ದಾಳಾ? ಅವರು ವಾದ ಮಾಡದೆ ತಾರೀಕು ಬದಲಿಸುತ್ತಿದ್ದಾರಾ? ಹೌದಾದರೆ ಮೂರನೇ ತಂಡ ಶುರು ಮಾಡಿ. ಇಲ್ಲವಾದರೆ ಇನ್ನೂ ಎರಡು ತಿಂಗಳು ಆ ಎರಡರಲ್ಲೇ ಇರಿ, ಆ ಊರುಗಳ ಪುಟಗಳನ್ನು ಮತ್ತೊಮ್ಮೆ ತೆಗೆದು ಏನು ಬರೆದಿಲ್ಲ ಅಂತ ಅಲ್ಲಿನವರನ್ನೇ ಕೇಳಿ.